ನಾಲ್ಕು ಸೆನ್ಸರ್, ಹದಿನೆಂಟು ಮಡಿ, ಒಂದು ಟ್ಯಾಂಕರ್ ನೀರು: ಏನು ಮಾಡೋಣ ಹೇಳಿ

ಅಂತರಗಂಗೆ ನೆರಳು | ಭಾನುವಾರ, ಬೆಳಗ್ಗೆ 7:20

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಬಡಾವಣೆಯಲ್ಲಿ ಪಾರ್ಕಿನ ಹಿಂದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಎರಡು ವರ್ಷದಿಂದ ಎಲ್ಲರೂ ಸೇರಿ ತರಕಾರಿ ಬೆಳೆಯುತ್ತಿದ್ದೇವೆ. 18 ಮನೆ, 18 ಮಡಿ. ಒಂದೊಂದು ಮಡಿ 10 ಅಡಿ ಉದ್ದ, 4 ಅಡಿ ಅಗಲ. ದಂಟು, ಮೆಂತ್ಯ, ಕೊತ್ತಂಬರಿ, ಬದನೆ, ಟೊಮೆಟೊ ಎಲ್ಲಾ ಇದೆ.

ತೊಂದರೆ ನೀರಿನದು. ಬೋರ್ ಇಲ್ಲ. 5,000 ಲೀಟರಿನ ಟ್ಯಾಂಕರ್ ತರಿಸಿ ತೊಟ್ಟಿ ತುಂಬಿಸುತ್ತೇವೆ. ಶಿವರಾತ್ರಿ ಕಳೆದ ಮೇಲೆ ಆರೇ ದಿನಕ್ಕೆ ತೊಟ್ಟಿ ಖಾಲಿ. ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಅವನ ಗೆಳೆಯರೂ ಸೇರಿ ನಾಲ್ಕು ಮಡಿಗೆ ತೇವ ಅಳೆಯುವ ಸೆನ್ಸರ್ ಚುಚ್ಚಿದರು. ಎಷ್ಟು ಪರ್ಸೆಂಟ್ ತೇವ ಇದೆ ಅಂತ ಫೋನಿನಲ್ಲಿ ಬರುತ್ತದೆ. ಖುಷಿಯಾಗಿತ್ತು.

ಮೂರು ವಾರಕ್ಕೆ ಎರಡು ತಲೆನೋವು ಬಂದಿವೆ. ತೊಟ್ಟಿಯ ಪಕ್ಕದ 5ನೇ ಮಡಿ ಯಾವಾಗ ನೋಡಿದರೂ 90 ಪರ್ಸೆಂಟ್ ತೋರಿಸುತ್ತದೆ. ಆದರೆ ಅಲ್ಲಿಯ ಟೊಮೆಟೊ ಗಿಡ ಮಧ್ಯಾಹ್ನ ಜೋತು ಬೀಳುತ್ತದೆ. ನೀರು ಹಾಕಬೇಕಾ, ಬೇಡವಾ?

ಎರಡನೆಯದು ಹೇಳಲು ಸಂಕಟ. ಕೊನೆಯ ಸಾಲಿನ 17ನೇ ಮಡಿ ಒಬ್ಬರು ಅಜ್ಜಿಯದು. ಅಲ್ಲಿ ದಿನಾ ಎರಡು ಸಲ ನೀರು ಬಿದ್ದಿರುವುದು ಗ್ರಾಫಿನಲ್ಲಿ ಕಂಡಿತು. ಯಾರೋ ಅದರ ಫೋಟೊ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, 'ನೀರು ಎಲ್ಲಿ ಹೋಗ್ತಿದೆ ನೋಡಿ' ಅಂತ ಬರೆದರು. ಅಜ್ಜಿಗೆ ಸ್ಮಾರ್ಟ್‌ಫೋನ್ ಇಲ್ಲ. ಸೊಸೆ ಓದಿ ಹೇಳಿದ್ದಾರೆ. ಐದು ದಿನದಿಂದ ಅಜ್ಜಿ ತೋಟಕ್ಕೇ ಬಂದಿಲ್ಲ.

ಸೆನ್ಸರ್ ಇಟ್ಟುಕೊಳ್ಳೋಣವಾ, ಕಿತ್ತು ಹಾಕೋಣವಾ?

ಮಾಲೂರು ತೋಟ | ಬೆಳಗ್ಗೆ 7:41

ಕಿತ್ತು ಹಾಕಿ. ಬೆರಳು ಇಲ್ವಾ? ಎರಡು ಗೆಣ್ಣು ಮಣ್ಣಿಗೆ ಇಳಿಸಿದರೆ ಹದ ಗೊತ್ತಾಗುತ್ತದೆ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಕಟ್ಟಿದ ಉಂಡೆ ಮೆಲ್ಲಗೆ ಒತ್ತಿದರೆ ಬಿರಿಯಬೇಕು. ಅದು ಹದ. ಕೈಗೆ ನೀರು ಅಂಟಿದರೆ ಜಾಸ್ತಿ. ಉಂಡೆಯೇ ಕಟ್ಟದಿದ್ದರೆ ನೀರು ಬೇಕು. ನಲವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಸೋಲ್ಡರ್ ಕೋಲಾರ | ಬೆಳಗ್ಗೆ 8:05

ಯಜಮಾನರೇ, ನಿಮ್ಮ ಬೆರಳಿಗೆ ನಲವತ್ತು ವರ್ಷದ ಅಭ್ಯಾಸ ಇದೆ. ಆ 18 ಮನೆಯವರಲ್ಲಿ ಎಷ್ಟು ಜನಕ್ಕೆ ಇದೆ? ಅವರಿಗೆ ಸೆನ್ಸರ್ ಬೇಕಾಗುತ್ತದೆ.

ಅಕ್ಕಾ, ಮೊದಲು ಇಷ್ಟು ಹೇಳಿ. ಸೆನ್ಸರ್ ಯಾವುದು? ಎರಡು ಕಾಲು ಹೊಳೆಯುವ ಲೋಹದ್ದೋ, ಅಥವಾ ಕಪ್ಪು ಬಣ್ಣದ ಒಂದೇ ಪಟ್ಟಿಯೋ? ಎರಡು ಕಾಲಿನದ್ದು ಮಣ್ಣಿನಲ್ಲಿ ಕರೆಂಟ್ ಹರಿಸಿ ಅಳೆಯುತ್ತದೆ. ಸದಾ ಕರೆಂಟ್ ಕೊಟ್ಟು ಇಟ್ಟರೆ ಕೆಲವೇ ವಾರದಲ್ಲಿ ಲೋಹ ಸವೆದು ಹೋಗುತ್ತದೆ. ನಮ್ಮ ಕಡೆಯ ಗಡಸು ನೀರು, ಗೊಬ್ಬರದ ಉಪ್ಪು ಸೇರಿದರೆ ಒಣ ಮಣ್ಣನ್ನೂ ಒದ್ದೆ ಅನ್ನುತ್ತದೆ. ಕಪ್ಪು ಪಟ್ಟಿಯದ್ದು ಕೆಪಾಸಿಟಿವ್, ಅಂದರೆ ಲೋಹ ಮಣ್ಣಿಗೆ ತಾಗದ ಹಾಗೆ ಅಳೆಯುವಂಥದ್ದು. ಅದು ವಾಸಿ.

ಅಂತರಗಂಗೆ ನೆರಳು | ಬೆಳಗ್ಗೆ 8:30

ಕಪ್ಪು ಪಟ್ಟಿ. ಸೆನ್ಸರ್ ಓದಿ ಫೋನಿಗೆ ಕಳಿಸುವ ಬೋರ್ಡ್ ಇಎಸ್‌ಪಿ32 ಅಂತೆ. ಮಗನನ್ನು ಕೇಳಿ ಬರೆಯುತ್ತಿದ್ದೇನೆ.

ಸೋಲ್ಡರ್ ಕೋಲಾರ | ಬೆಳಗ್ಗೆ 8:52

ಹಾಗಾದರೆ ಮಗನಿಗೆ ಮೂರು ಮಾತು ಹೇಳಿ.

ಆ ಪರ್ಸೆಂಟ್ ನಿಮ್ಮ ಮಣ್ಣಿನದ್ದಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಕೋಡಿನಲ್ಲಿ ಒಣಗಿದ್ದು ಇಷ್ಟು, ಒದ್ದೆ ಇಷ್ಟು ಅಂತ ಯಾರೋ ತಮ್ಮ ಮಣ್ಣಿಗೆ ಹಾಕಿದ ಸಂಖ್ಯೆ ಇರುತ್ತದೆ. ಅದನ್ನೇ ನಕಲು ಮಾಡಿದ್ದರೆ 90 ಅನ್ನುವುದಕ್ಕೆ ಅರ್ಥವೇ ಇಲ್ಲ. ಆ ಬೋರ್ಡ್ 0ಯಿಂದ 4095ರವರೆಗೆ ಓದುತ್ತದೆ. ಈ ಸೆನ್ಸರಿನಲ್ಲಿ ಸಂಖ್ಯೆ ಜಾಸ್ತಿ ಬಂದರೆ ಒಣ, ಕಮ್ಮಿ ಬಂದರೆ ಒದ್ದೆ. ತುಂಬಾ ಜನ ಇದನ್ನು ತಿರುಗಾಮುರುಗಾ ಮಾಡಿಕೊಳ್ಳುತ್ತಾರೆ.

ಎರಡನೆಯದು, ವೈರ್ ಯಾವ ಪಿನ್ನಿಗೆ ಹೋಗಿದೆ ನೋಡಲಿ. ಸೆನ್ಸರ್ ಓದುವ ಪಿನ್ನುಗಳು ಎಡಿಸಿ1, ಎಡಿಸಿ2 ಅಂತ ಎರಡು ಗುಂಪು. ವೈಫೈ ಓಡುವಾಗ ಆ ಬೋರ್ಡಿನ ಎಡಿಸಿ2 ಪಿನ್‌ಗಳನ್ನು ನಂಬುವ ಹಾಗಿಲ್ಲ. 32ರಿಂದ 39ರವರೆಗಿನ ಎಡಿಸಿ1 ಪಿನ್ ಬಳಸಲಿ.

ಮೂರನೆಯದು, ಪಟ್ಟಿಯ ಅಂಚಿಗೆ ಬಣ್ಣ ಇರುವುದಿಲ್ಲ. ಅಲ್ಲಿಂದ ನೀರು ಒಳಗೆ ಸೇರಿ ಕೆಲವು ವಾರಕ್ಕೆ ಹಾಳಾಗುತ್ತದೆ. ಅಂಚಿಗೆ ಎರಡು ಸಲ ನೇಲ್ ಪಾಲಿಶ್ ಹಚ್ಚಿ ಒಣಗಿಸಲಿ. ಮೇಲಿನ ಗೆರೆ ದಾಟಿ ಮಣ್ಣಿಗೆ ಇಳಿಸಬಾರದು. 5ನೇ ಮಡಿಯ ಸೆನ್ಸರ್ ಹೀಗೇ ಕೆಟ್ಟಿದೆ ಅನ್ನುವುದು ನನ್ನ ಅನುಮಾನ.

ಕೆಜಿಎಫ್ ಹುಡುಗಿ | ಬೆಳಗ್ಗೆ 9:15

ನಾನು ಮೊದಲು ಅಜ್ಜಿಯ ವಿಷಯ ಮಾತಾಡುತ್ತೇನೆ. ಪಿನ್ನು, ಪಾಲಿಶ್ಶು ಆಮೇಲೆ ನೋಡೋಣ. ನೆಲ ಅಳೆಯಲು ತಂದ ಸಾಮಾನಿನಿಂದ ಜನರನ್ನು ಅಳೆದಿದ್ದೀರಿ. ಗ್ರಾಫ್ ನೋಡಿದವರು ಮೊದಲು ಅವರ ಮನೆಗೆ ಹೋಗಿ, 'ಅಜ್ಜಿ, ಯಾಕೆ ಎರಡು ಸಲ ಹಾಕ್ತೀರಿ' ಅಂತ ಕೇಳಬಹುದಿತ್ತು. ಗುಂಪಿಗೆ ಹಾಕಿದ್ದು ತಪ್ಪು.

ಬಂಗಾರಪೇಟೆ ಲೋಕಲ್ | ಬೆಳಗ್ಗೆ 9:22

ತಪ್ಪು ಹೌದು. ಆದರೆ ದುಡ್ಡು ಎಲ್ಲರದ್ದೂ ಅಲ್ವಾ? ಒಬ್ಬರು ಎರಡು ಪಾಲು ನೀರು ತೆಗೆದುಕೊಂಡರೆ ಮಿಕ್ಕ 17 ಮನೆಯವರು ಸುಮ್ನೆ ಇರಬೇಕಾ?

ಕೆಜಿಎಫ್ ಹುಡುಗಿ | ಬೆಳಗ್ಗೆ 9:25

ಕೇಳಬೇಕು. ಹಾಗೆ ಬೀದಿಗೆ ಎಳೆಯಬಾರದು ಅಷ್ಟೆ.

ಮಾಲೂರು ತೋಟ | ಬೆಳಗ್ಗೆ 9:40

ಅಮ್ಮಾ ನೆರಳು ಅವರೇ, 5ನೇ ಮಡಿಯ ಟೊಮೆಟೊ ಬಗ್ಗೆ ಒಂದು ಪರೀಕ್ಷೆ ಮಾಡಿ. ಜೋತು ಬಿದ್ದ ಒಂದು ಗಿಡ ಕಿತ್ತು, ಬುಡದ ಹತ್ತಿರ ಕಾಂಡ ಅಡ್ಡಕ್ಕೆ ಕೊಯ್ದು, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ. ಕೆಲವು ನಿಮಿಷ ಅಲ್ಲಾಡಿಸಬೇಡಿ. ಹಾಲಿನ ಎಳೆಯಂತೆ ಬೆಳ್ಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಎಲೆ ಹಸಿರಾಗಿಯೇ ಇರುತ್ತದೆ, ಗಿಡ ಜೋತು ಬೀಳುತ್ತದೆ. ಆಗ ಜನ ನೀರು ಸಾಲದು ಅಂತ ಇನ್ನೂ ಸುರಿಯುತ್ತಾರೆ. ನೀರು ನಿಂತಷ್ಟೂ ಅದು ಹಬ್ಬುತ್ತದೆ.

ವಿಜ್ಞಾನದ ಮೇಷ್ಟ್ರು | ಬೆಳಗ್ಗೆ 10:10

ಒಂದು ಲೆಕ್ಕ ಹಾಕಿದೆ. ಮಡಿ 10 ಅಡಿಗೆ 4 ಅಡಿ ಅಂದರೆ ಸುಮಾರು 3.7 ಚದರ ಮೀಟರ್. 18 ಮಡಿಗೆ 67 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ಅಂದರೆ 1 ಲೀಟರ್. ನಮ್ಮ ಬೇಸಿಗೆಯಲ್ಲಿ ಮಣ್ಣು, ಗಿಡ ಸೇರಿ ದಿನಕ್ಕೆ 5ರಿಂದ 6 ಮಿ.ಮೀ. ನೀರು ಆರಿಸುತ್ತವೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಹೆಚ್ಚೆಂದರೆ 400 ಲೀಟರ್. 5,000 ಲೀಟರ್ 12 ದಿನ ಬರಬೇಕು. ನಿಮಗೆ 6 ದಿನ ಬರುತ್ತಿದೆ.

ಅಂದರೆ ಅರ್ಧ ನೀರು ಎಲ್ಲೋ ಹೋಗುತ್ತಿದೆ. ಅಜ್ಜಿ ಒಂದು ಮಡಿಗೆ ಎರಡು ಪಾಲು ಹಾಕಿದರೂ ದಿನಕ್ಕೆ 22 ಲೀಟರ್ ಜಾಸ್ತಿ, ಅಷ್ಟೆ. ಎರಡೂವರೆ ಸಾವಿರ ಲೀಟರ್ ಅವರು ಕುಡಿಸಲು ಆಗುವುದಿಲ್ಲ. ಬೇರೆ ಕಡೆ ಹುಡುಕಿ.

ಬಂಗಾರಪೇಟೆ ಲೋಕಲ್ | ಬೆಳಗ್ಗೆ 10:14

ಮೇಷ್ಟ್ರೇ, ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಂಡೆ.

ಮುಳಬಾಗಿಲು ದೋಸೆ | ಬೆಳಗ್ಗೆ 10:30

ಎಲ್ಲಾ ಬಿಟ್ಟು ಆಟೋಮ್ಯಾಟಿಕ್ ಮಾಡಿ. ಸೆನ್ಸರ್ ಒಣಗಿದೆ ಅಂದರೆ ವಾಲ್ವ್ ತೆರೆಯಬೇಕು, ಹದ ಬಂದರೆ ಮುಚ್ಚಬೇಕು. ಮನುಷ್ಯರೇ ಬೇಡ. ಜಗಳವೂ ಇರುವುದಿಲ್ಲ. ವೈಫೈ ಸಿಗದಿದ್ದರೆ ಲೋರಾ ಹಾಕಿ, ದೂರಕ್ಕೆ ಮುಟ್ಟುವ ರೇಡಿಯೊ ಅದು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಕಿಲ್ಲ.

ಸೋಲ್ಡರ್ ಕೋಲಾರ | ಬೆಳಗ್ಗೆ 10:48

ಪಾರ್ಕಿನ ಹಿಂದಿನ ಜಾಗಕ್ಕೆ ಲೋರಾ ಯಾಕೆ ಗುರು, ವೈಫೈ ಮುಟ್ಟುತ್ತಿದೆಯಲ್ಲ. ವಾಲ್ವಿನಲ್ಲಿ ಇನ್ನೊಂದು ತೊಡಕು. ಕಮ್ಮಿ ಬೆಲೆಯ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ) ವಾಲ್ವ್ ಸರಿಯಾಗಿ ಕೆಲಸ ಮಾಡಲು 0.2 ಬಾರ್ ಒತ್ತಡ ಕೇಳುತ್ತದೆ. ಅಂದರೆ ತೊಟ್ಟಿಯಲ್ಲಿ ನೀರು ಎರಡು ಮೀಟರ್ ಎತ್ತರದಲ್ಲಿ ಇರಬೇಕು. ಅಕ್ಕಾ, ನಿಮ್ಮ ತೊಟ್ಟಿ ಎಷ್ಟು ಎತ್ತರದಲ್ಲಿದೆ?

ಅಂತರಗಂಗೆ ನೆರಳು | ಬೆಳಗ್ಗೆ 11:02

ನೆಲದಿಂದ ಮೂರು ಅಡಿ ಕಟ್ಟೆ ಮೇಲೆ.

ಸೋಲ್ಡರ್ ಕೋಲಾರ | ಬೆಳಗ್ಗೆ 11:04

ತೊಟ್ಟಿ ಅರ್ಧ ಖಾಲಿಯಾದ ಮೇಲೆ ವಾಲ್ವ್ ತೆರೆಯುವುದೇ ಅನುಮಾನ. ಸದ್ಯಕ್ಕೆ ಬೇಡ.

ಸೊಪ್ಪಿನ ಸಾರು | ಬೆಳಗ್ಗೆ 11:30

ನೀರೇ ಕಮ್ಮಿ ಅಂದರೆ ಕೆರೆಗೆ ಬಂದಿರುವ ಕೆ.ಸಿ. ವ್ಯಾಲಿ ನೀರನ್ನು ಟ್ಯಾಂಕರಿಗೆ ತುಂಬಿಸಿಕೊಂಡರೆ ಆಗಲ್ವಾ? ಹತ್ತಿರದಲ್ಲೇ ಇದೆ.

ವಿಜ್ಞಾನದ ಮೇಷ್ಟ್ರು | ಬೆಳಗ್ಗೆ 11:44

ಬೇಡ ತಾಯಿ. ಅದು ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಮಾತ್ರ ಶುದ್ಧ ಮಾಡಿದ್ದು. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಂತರ್ಜಲ ಏರಲಿ ಅಂತ ಕೆರೆ ತುಂಬಿಸುವ ಯೋಜನೆ ಅದು. ನೇರವಾಗಿ ಎತ್ತಿ ಬೆಳೆಗೆ ಹಾಕಲು ಅಲ್ಲ. ಮೂರನೇ ಹಂತದ ಶುದ್ಧೀಕರಣ ಆಗಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಕೊತ್ತಂಬರಿಯನ್ನು ಹಸಿಯಾಗಿ ತಿನ್ನುತ್ತೇವೆ, ಅದಕ್ಕಂತೂ ಬೇಡವೇ ಬೇಡ.

ಶ್ರೀನಿವಾಸಪುರ ಮಾವು | ಮಧ್ಯಾಹ್ನ 12:05

ಆ ನೀರು ಬಂದ ಮೇಲೆ ನಮ್ಮ ನೆಂಟರ ಊರಿನಲ್ಲಿ ಬತ್ತಿದ್ದ ಬೋರ್ ಮತ್ತೆ ಎದ್ದಿದೆ. ಅದನ್ನೂ ಹೇಳಿ ಮೇಷ್ಟ್ರೇ.

ವಿಜ್ಞಾನದ ಮೇಷ್ಟ್ರು | ಮಧ್ಯಾಹ್ನ 12:11

ಎದ್ದಿರುವುದು ನಿಜ. ನೀರಿನ ಗುಣ ಬೇರೆ ಪ್ರಶ್ನೆ. ಈ ಚರ್ಚೆ ಬೇರೆ ಕಡೆ ಮಾಡೋಣ, ಇಲ್ಲಿ ತೋಟದ ಮಾತು ಮುಗಿಯಲಿ.

ನೀರುಗಂಟಿ ಮೊಮ್ಮಗ | ಮಧ್ಯಾಹ್ನ 1:20

ಎಲ್ಲಾ ಓದಿದೆ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ನಮ್ಮ ತಾತ ಮುಳಬಾಗಿಲು ಕಡೆ ಒಂದು ಕೆರೆಗೆ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಹೂಳು ತೆಗೆಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು ಅವರ ಕೆಲಸ. ರೈತ ತನ್ನ ಗದ್ದೆಗೆ ತಾನೇ ಮಡೆ ಕಡಿದು ನೀರು ಬಿಟ್ಟುಕೊಳ್ಳುವ ಹಾಗೆ ಇರಲಿಲ್ಲ. ಎಷ್ಟೇ ದೊಡ್ಡ ಮನೆಯವನಾದರೂ ಅಷ್ಟೆ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ತಾತನಿಗೆ ಕಾಳು ಬರುತ್ತಿತ್ತು.

ತಾತ ಗದ್ದೆ ಬದುವಿನ ಮೇಲೆ ಬರಿಗಾಲಿನಲ್ಲೇ ಓಡಾಡುತ್ತಿದ್ದರು. ಕಾಲಿಗೆ ಹದ ತಿಳಿಯುತ್ತದೆ ಅನ್ನುತ್ತಿದ್ದರು. ನೀರು ಕಮ್ಮಿಯಾದ ವರ್ಷ ಅವರು ಕೊನೇ ಗದ್ದೆಯಿಂದ ಶುರು ಮಾಡುತ್ತಿದ್ದರು. ತೂಬಿನ ಹತ್ತಿರದವನಿಗೆ ಹೇಗಿದ್ದರೂ ಜಿನುಗು ಸಿಗುತ್ತದೆ, ಕೊನೆಯವನಿಗೆ ಏನೂ ಸಿಗುವುದಿಲ್ಲ ಅನ್ನುವುದು ಅವರ ಲೆಕ್ಕ.

ನಿಮ್ಮ ತೋಟದಲ್ಲಿ ಸೆನ್ಸರ್ ನಾಲ್ಕು ಇವೆ, ನೀರುಗಂಟಿ ಒಬ್ಬರೂ ಇಲ್ಲ. 18 ಜನ 18 ಹೊತ್ತಿನಲ್ಲಿ ಬಂದು ನಲ್ಲಿ ತಿರುಗಿಸಿದರೆ ಯಾವ ಯಂತ್ರ ಇಟ್ಟರೂ ತೊಟ್ಟಿ ಖಾಲಿಯಾಗುತ್ತದೆ. ತಿಂಗಳಿಗೆ ಒಬ್ಬರು ನೀರು ಬಿಡುವ ಜವಾಬ್ದಾರಿ ತೆಗೆದುಕೊಳ್ಳಲಿ. ಸೆನ್ಸರ್ ಹೇಳುವುದನ್ನು ಅವರು ಮಾತ್ರ ನೋಡಲಿ. ತಾತನ ಕಾಲಿಗೆ ತಿಳಿಯುತ್ತಿದ್ದದ್ದನ್ನು ಹೊಸಬರಿಗೆ ಅದು ತಿಳಿಸಿಕೊಡುತ್ತದೆ, ಅಷ್ಟಕ್ಕೆ ನನಗೆ ಅದು ಬಹಳ ಇಷ್ಟವಾಯಿತು.

ಇನ್ನೊಂದು. 17ನೇ ಮಡಿ ಕೊನೆಯ ಸಾಲಿನದು ಅಂದಿರಿ. ಅದರ ಆಚೆ ಏನಿದೆ?

ಅಂತರಗಂಗೆ ನೆರಳು | ಮಧ್ಯಾಹ್ನ 2:15

ಬೇಲಿ ಆಚೆ ಹಳೇ ನೀಲಗಿರಿ ಮರ ಎರಡು ಇವೆ.

ನೀರುಗಂಟಿ ಮೊಮ್ಮಗ | ಮಧ್ಯಾಹ್ನ 2:18

ಅಯ್ಯೋ.

ಮಾಲೂರು ತೋಟ | ಮಧ್ಯಾಹ್ನ 2:25

ಇಲ್ಲೇ ಉತ್ತರ ಇದೆ. ನೀಲಗಿರಿ ಪಕ್ಕದ ಹೊಲದಲ್ಲಿ ರಾಗಿ ಪೈರು ಮರದಿಂದ ಮಾರುದ್ದದವರೆಗೆ ಕುಳ್ಳಾಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ನೋಡದ ರೈತ ಇಲ್ಲ. ಅಜ್ಜಿ ಹಾಕಿದ ನೀರನ್ನು ಮರ ಕುಡಿಯುತ್ತಿದೆ. ಸಂಜೆ ಹಾಕಿದ್ದು ಬೆಳಗ್ಗೆಗೆ ಒಣಗಿದರೆ ಪಾಪ ಅವರು ಇನ್ನೇನು ಮಾಡಬೇಕು?

ಸೋಲ್ಡರ್ ಕೋಲಾರ | ಮಧ್ಯಾಹ್ನ 2:40

ಅಕ್ಕಾ, ಇದು ಗ್ರಾಫಿನಲ್ಲೇ ಗೊತ್ತಾಗುತ್ತದೆ! ನೀರು ಬಿದ್ದದ್ದನ್ನು ಮಾತ್ರ ಎಲ್ಲರೂ ನೋಡಿದ್ದಾರೆ. ಬಿದ್ದ ಮೇಲೆ ಎಷ್ಟು ಬೇಗ ಒಣಗಿತು ಅನ್ನುವ ಇಳಿಜಾರು ಯಾರೂ ನೋಡಿಲ್ಲ. ಉಳಿದ ಮೂರು ಮಡಿಯ ಜೊತೆ ಹೋಲಿಸಿ ನೋಡಿ. ಮಗನಿಗೆ ಇವತ್ತೇ ಹೇಳಿ.

ಸೊಪ್ಪಿನ ಸಾರು | ಮಧ್ಯಾಹ್ನ 3:05

ಮಡಿ ಮೇಲೆ ಹೊದಿಕೆ ಹಾಕಿ ಅಕ್ಕಾ. ನಾನು ತಾರಸಿ ಮೇಲೆ ದಂಟಿಗೆ ರಾಗಿ ಹುಲ್ಲು ಹೊದಿಸಿದ್ದೇನೆ. ದಿನಾ ಹಾಕುತ್ತಿದ್ದ ನೀರು ಈಗ ದಿನ ಬಿಟ್ಟು ದಿನ ಸಾಕು. ಆ ದಂಟಿನ ಮಸ್ಸೊಪ್ಪಿಗೆ ಬಿಸಿ ಮುದ್ದೆ ಇದ್ದರೆ ಬೇರೆ ಏನೂ ಬೇಡ.

ಮಾಲೂರು ತೋಟ | ಮಧ್ಯಾಹ್ನ 3:12

ರಾಗಿ ಹುಲ್ಲು ದನಕ್ಕೆ ಬೇಕು ತಾಯಿ, ಬೇಸಿಗೆಯಲ್ಲಿ ಮೇವಿಗೆ ಎಷ್ಟು ಕಷ್ಟ ಗೊತ್ತಾ. ಹೊಂಗೆ ಎಲೆ ಹಾಕಿ. ಈ ಕಾಲದಲ್ಲಿ ಉದುರಿ ರಸ್ತೆ ತುಂಬಾ ಬಿದ್ದಿರುತ್ತದೆ. ಗೊಬ್ಬರವೂ ಆಗುತ್ತದೆ.

ಸೊಪ್ಪಿನ ಸಾರು | ಮಧ್ಯಾಹ್ನ 3:15

ಸರಿ ಅಣ್ಣಾ, ಮುಂದಿನ ಸಲ ಹೊಂಗೆ ಎಲೆಯೇ.

ಅಂತರಗಂಗೆ ನೆರಳು | ಬುಧವಾರ, ರಾತ್ರಿ 8:40

ಮೂರು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಒಂದೊಂದಾಗಿ ಹೇಳುತ್ತೇನೆ.

5ನೇ ಮಡಿಯ ಟೊಮೆಟೊ ಕಾಂಡ ಲೋಟದಲ್ಲಿ ಹಿಡಿದೆವು. ಹಾಲಿನಂತೆ ಎಳೆ ಇಳಿಯಿತು. ಮಕ್ಕಳೆಲ್ಲ ಸುತ್ತ ನಿಂತು ನೋಡಿದರು. ಅಲ್ಲಿ ಅಗೆದು ನೋಡಿದರೆ ಮಣ್ಣು ಕೆಸರು. ತೊಟ್ಟಿಯ ಕೆಳಗಿನ ಪೈಪಿನ ಜಾಯಿಂಟ್ ಮಣ್ಣಿನೊಳಗೆ ಸೋರುತ್ತಿತ್ತು. ಮೇಲೆ ಏನೂ ಕಾಣುತ್ತಿರಲಿಲ್ಲ. ಸೋರಿಕೆಗೆ ರಾತ್ರಿ ಒಂದು ಬಕೆಟ್ ಇಟ್ಟು ಅಳೆದೆವು. ಗಂಟೆಗೆ ಸುಮಾರು 14 ಲೀಟರ್. ಮೇಷ್ಟ್ರೇ, ನಿಮ್ಮ ಅರ್ಧ ನೀರಿನ ಬಹುಪಾಲು ಅಲ್ಲಿ ಸಿಕ್ಕಿತು.

ಸೋಲ್ಡರ್ ತಮ್ಮಾ, ಆ ಸೆನ್ಸರ್ ಕೆಟ್ಟಿರಲಿಲ್ಲ. ಒದ್ದೆ ಅಂತ ಮೂರು ವಾರದಿಂದ ಹೇಳುತ್ತಲೇ ಇತ್ತು.

ಇನ್ನು ಅಜ್ಜಿಯ ಮಡಿ. ಮಗ ನಾಲ್ಕೂ ಸೆನ್ಸರಿಗೆ ನಮ್ಮ ಕೆಂಪು ಮಣ್ಣಿನಲ್ಲೇ ಸಂಖ್ಯೆ ಕಂಡುಕೊಂಡ. ಒಣಗಿಸಿದ ಮಣ್ಣಿನಲ್ಲಿ 2,750. ಉಂಡೆ ಕಟ್ಟುವ ಹದದಲ್ಲಿ 1,900. ನೀರು ನಿಂತ ಮಣ್ಣಿನಲ್ಲಿ 1,400. ಹದ ಯಾವುದು ಅಂತ ಹೇಳಲು ಪಕ್ಕದ ಬೀದಿಯ ಒಬ್ಬ ರೈತರನ್ನು ಕರೆದಿದ್ದೆವು. ಆಮೇಲೆ ಹಳೇ ಗ್ರಾಫ್ ತೆಗೆದು ನೋಡಿದೆವು. ಬೇರೆ ಮಡಿಗಳು ಸಂಜೆ ನೀರು ಕುಡಿದು ಎರಡು ದಿನಕ್ಕೆ ಒಣಗುವ ಮಟ್ಟಕ್ಕೆ ಬರುತ್ತವೆ. 17ನೆಯದು ಮಾರನೇ ಮಧ್ಯಾಹ್ನಕ್ಕೇ ಬಂದುಬಿಡುತ್ತದೆ. ಗುದ್ದಲಿ ಹಾಕಿದರೆ ಒಂದು ಅಡಿ ಕೆಳಗೆ ಕಿರುಬೆರಳು ದಪ್ಪದ ನೀಲಗಿರಿ ಬೇರು ಹೆಣೆದುಕೊಂಡಿವೆ.

ನಿನ್ನೆ ಸಂಜೆ ನಾನೂ, ಆ ಫೋಟೊ ಹಾಕಿದ್ದವರೂ ಅಜ್ಜಿಯ ಮನೆಗೆ ಹೋಗಿದ್ದೆವು. ಫೋಟೊ ಹಾಕಿದ್ದವರೇ ಮೊದಲು ಕೈ ಮುಗಿದರು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಗಿಡ ಬಾಯಿ ಬಿಟ್ಟು ಕೇಳ್ತಿತ್ತು ಕಣಮ್ಮ, ಹಾಕ್ದೆ' ಅಂದರು. ಬೆಲ್ಲದ ಕಾಫಿ ಕೊಟ್ಟರು. ಇವತ್ತು ಬೆಳಗ್ಗೆ ಆರಕ್ಕೆ ತೋಟದಲ್ಲಿದ್ದರು.

ಕೆಜಿಎಫ್ ಹುಡುಗಿ | ರಾತ್ರಿ 8:52

ಓದಿ ಕಣ್ಣು ತುಂಬಿತು ಅಕ್ಕಾ. ಆ ಗುಂಪಿನಲ್ಲೂ ಇದನ್ನು ಬರೆಯಿರಿ. ತಪ್ಪು ಹೇಳಿದ್ದು ಅಲ್ಲೇ ಅಲ್ವಾ.

ಅಂತರಗಂಗೆ ನೆರಳು | ರಾತ್ರಿ 8:55

ಫೋಟೊ ಹಾಕಿದವರೇ ಬರೆದಿದ್ದಾರೆ.

ಮಾಲೂರು ತೋಟ | ರಾತ್ರಿ 9:10

ನನ್ನ ಮೊದಲ ಮಾತು ಅವಸರದ್ದಾಯಿತು. ಮಣ್ಣಿನೊಳಗಿನ ಸೋರಿಕೆ ನನ್ನ ಬೆರಳಿಗೂ ತಡವಾಗಿ ಗೊತ್ತಾಗುತ್ತಿತ್ತು. ಇಟ್ಟುಕೊಳ್ಳಿ.

5ನೇ ಮಡಿಗೆ ಸದ್ಯಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ. ಮೂರಕ್ಕೂ ಅದೇ ರೋಗ. ಮುಸುಕಿನ ಜೋಳ ಅಥವಾ ಹುರುಳಿಕಾಯಿ ಹಾಕಿ. ಬೇರೆ ಮಡಿಗೆ ಟೊಮೆಟೊ ಹಾಕುವಾಗ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ನೋಡಿ, ಸೊರಗು ರೋಗ ತಡೆಯುವ ತಳಿ. ಆ ಮಡಿಯ ಗುದ್ದಲಿ ತೊಳೆಯದೆ ಬೇರೆ ಮಡಿಗೆ ತರಬೇಡಿ.

ಸೋಲ್ಡರ್ ಕೋಲಾರ | ರಾತ್ರಿ 9:22

ಕೆಟ್ಟಿದೆ ಅಂದಿದ್ದು ನನ್ನ ತಪ್ಪು ಊಹೆ. ಈಗ ಒಂದು ಕೆಲಸ ಮಾಡಿ. ಬದನೆ, ಟೊಮೆಟೊ ಇರುವ ಮಡಿಯಲ್ಲಿ ಒಂದು ಸೆನ್ಸರ್ ಬೆರಳುದ್ದ ಆಳಕ್ಕೆ, ಇನ್ನೊಂದು ಗುಂಡಿ ತೋಡಿ ಒಂದು ಅಡಿ ಆಳಕ್ಕೆ ಇಡಿ. ಆಳದ್ದಕ್ಕೆ ಮೇಲ್ಭಾಗದ ಬೋರ್ಡನ್ನು ಎಪಾಕ್ಸಿ ಹಾಕಿ ಪೂರ್ತಿ ಮುಚ್ಚಬೇಕು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನದು ಒದ್ದೆ ಅನ್ನುತ್ತದೆ, ಕೆಳಗಿನದು ಒಣ ಅನ್ನುತ್ತದೆ. ಹಾಗೆ ಬಂದರೆ ನೀರು ಕಮ್ಮಿ ಸಲ, ಒಂದೇ ಸಲಕ್ಕೆ ಜಾಸ್ತಿ ಹಾಕಿ.

ವಿಜ್ಞಾನದ ಮೇಷ್ಟ್ರು | ರಾತ್ರಿ 9:40

ನಮ್ಮ ಶಾಲೆಯಲ್ಲಿ ಹಳೇ ಕರಿಹಲಗೆ ಒಂದಿದೆ. ಕೇಳಿ ಕೊಡಿಸುತ್ತೇನೆ. ಬಾಗಿಲ ಹತ್ತಿರ ನಿಲ್ಲಿಸಿ. ಬೆಳಗ್ಗೆ ಸೆನ್ಸರ್ ನೋಡಿದವರು ಸೀಮೆಸುಣ್ಣದಲ್ಲಿ ಇವತ್ತು ಯಾವ ಮಡಿಗೆ ನೀರು, ಎಷ್ಟು ಕೊಡ ಅಂತ ಬರೆಯಲಿ. ಫೋನ್ ಇಲ್ಲದವರಿಗೂ ಗೊತ್ತಾಗುತ್ತದೆ.

ನೀರುಗಂಟಿ ಮೊಮ್ಮಗ | ರಾತ್ರಿ 9:48

ಈ ತಿಂಗಳು ನೀರುಗಂಟಿ ಯಾರು?

ಅಂತರಗಂಗೆ ನೆರಳು | ರಾತ್ರಿ 9:55

ಅಜ್ಜಿ. ಎಲ್ಲರೂ ಸೇರಿ ಕೇಳಿಕೊಂಡೆವು, ಒಪ್ಪಿದರು. ಬೆಳಗ್ಗೆ ಮೊಮ್ಮಗಳು ಫೋನ್ ನೋಡಿ ಸಂಖ್ಯೆ ಹೇಳುತ್ತಾಳೆ, ಅಜ್ಜಿ ಮಣ್ಣು ಮುಟ್ಟಿ ನೋಡಿ ನಲ್ಲಿ ತಿರುಗಿಸುತ್ತಾರೆ. ನೀರು 18ರಿಂದ ಶುರು ಮಾಡಿ 1ಕ್ಕೆ ಬರುತ್ತದೆ, ನಿಮ್ಮ ತಾತನ ಹಾಗೆ.

ಜಾಯಿಂಟ್ ಸರಿಮಾಡಿ ತೊಟ್ಟಿ ತುಂಬಿಸಿದ್ದು ಸೋಮವಾರ. ಮೂರನೇ ದಿನ ಇವತ್ತು, ಇನ್ನೂ ಮುಕ್ಕಾಲು ತೊಟ್ಟಿ ನೀರಿದೆ.

ಭಾನುವಾರ ಬೆಳಗ್ಗೆ ಆರಕ್ಕೆ ಬೇಲಿ ಪಕ್ಕ ಎರಡೂವರೆ ಅಡಿ ಆಳ ಕಾಲುವೆ ತೋಡಿ ನೀಲಗಿರಿ ಬೇರು ಕತ್ತರಿಸಬೇಕು. ನೆಲ ಬಹಳ ಗಟ್ಟಿ ಇದೆ. ಹತ್ತಿರದಲ್ಲಿರುವವರು ಯಾರಾದರೂ ಪಿಕಾಸಿ ಕೊಡುತ್ತೀರಾ? ನಮ್ಮಲ್ಲಿ ಒಂದೇ ಇದೆ.

ಬಂಗಾರಪೇಟೆ ಲೋಕಲ್ | ರಾತ್ರಿ 10:02

ನನ್ನ ಹತ್ತಿರ ಎರಡು ಇವೆ. ಮೊದಲ ಬಸ್ಸಿಗೆ ತರುತ್ತೇನೆ.